ಲಕ್ಷ್ಮಿಗೆ 57, ರಮೇಶ–ಮಹೇಶರಿಗೆ 67: ಕೆವೈಸಿ ಪ್ರಧಾನ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಗೆ,
ಪ್ರಧಾನ ಅಧಿಕಾರಿಗಳು ಹಾಗೂ ಕೆವೈಸಿ ವಿಭಾಗದ ಮುಖ್ಯಸ್ಥರು,
ಕರ್ನಾಟಕದಲ್ಲಿ ವಹಿವಾಟು ನಡೆಸುವ ಎಲ್ಲ ಬ್ಯಾಂಕುಗಳು ಮತ್ತು ಬ್ಯಾಂಕೇತರ ಹಣಕಾಸು ಸಂಸ್ಥೆಗಳು.

ವಿಷಯ: ಕೆವೈಸಿ, ಅಂದರೆ ಗ್ರಾಹಕರ ಗುರುತು ಪರಿಶೀಲನೆಯಲ್ಲಿ ಕನ್ನಡದ ಹೆಸರುಗಳು ತಿರಸ್ಕಾರವಾಗುತ್ತಿರುವ ಬಗ್ಗೆ, ಮತ್ತು ನಿಯಮದಲ್ಲಿಲ್ಲದ ಕಾಗದಗಳನ್ನು ನಿಯಮದ ಹೆಸರಿನಲ್ಲಿ ಕೇಳುತ್ತಿರುವ ಬಗ್ಗೆ.

ಮಾನ್ಯರೆ,

ಈ ಪತ್ರವನ್ನು ರಿಸರ್ವ್ ಬ್ಯಾಂಕಿಗೆ ಬರೆಯದೆ ತಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಖಾತೆ ತೆರೆಯಲು ಬಂದವರನ್ನು ಎಷ್ಟೋ ಸಲ ವಾಪಸು ಕಳಿಸುವುದು ರಿಸರ್ವ್ ಬ್ಯಾಂಕಿನ ನಿಯಮವಲ್ಲ, ತಮ್ಮ ಕಚೇರಿ ಒಪ್ಪಿ ಸಹಿ ಹಾಕಿದ ಸಿಸ್ಟಂ ಸೆಟ್ಟಿಂಗು. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ನಿಯಮ ಪಾಲನೆಗೆ ಹೊಣೆಯಾದ ಒಬ್ಬ ಪ್ರಧಾನ ಅಧಿಕಾರಿ ಪ್ರತಿ ಸಂಸ್ಥೆಗೂ ಇರಲೇಬೇಕು. ಕೆವೈಸಿ ಪಾಲನೆಯ ತೀರ್ಮಾನವನ್ನು ಹೊರಗಿನವರಿಗೆ ಗುತ್ತಿಗೆ ಕೊಡುವಂತಿಲ್ಲ ಎಂದೂ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ‘ಸಾಫ್ಟ್‌ವೇರ್ ಒಪ್ಪುತ್ತಿಲ್ಲ ಸಾರ್’ ಎಂದು ಕೌಂಟರಿನ ಹುಡುಗ ಹೇಳಿದರೆ, ಒಪ್ಪದೆ ಇರುವುದು ಸಾಫ್ಟ್‌ವೇರಲ್ಲ, ತಾವು.

ಒಂದು ಸಣ್ಣ ಲೆಕ್ಕದಿಂದ ಶುರು ಮಾಡುತ್ತೇನೆ. ಎರಡು ದಾಖಲೆಗಳಲ್ಲಿರುವ ಹೆಸರು ಒಂದೇ ಹೌದೋ ಅಲ್ಲವೋ ಎಂದು ಯಂತ್ರದಿಂದ ನೋಡಿಸಲು ಬಳಸುವ ಸಾಮಾನ್ಯ ವಿಧಾನಗಳಲ್ಲಿ ಲೆವೆನ್‌ಸ್ಟೈನ್ ಅಂತರ ಒಂದು. ಒಂದು ಹೆಸರನ್ನು ಇನ್ನೊಂದಾಗಿ ಮಾಡಬೇಕಾದರೆ ಎಷ್ಟು ಅಕ್ಷರ ಸೇರಿಸಬೇಕು, ಅಳಿಸಬೇಕು, ಬದಲಿಸಬೇಕು ಎಂದು ಎಣಿಸುವುದು. ಅದನ್ನು ಉದ್ದದ ಹೆಸರಿನ ಅಕ್ಷರಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆದು ನೂರಕ್ಕೆ ಇಷ್ಟು ಎಂದು ಅಂಕ ಕೊಡುವುದು. ಈಗ ಲಕ್ಷ್ಮಿಯನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಕೆ-ಎಸ್-ಎಚ್ ಹಾಕಿ ಬರೆದರೆ ಏಳಕ್ಷರ, ಎಕ್ಸ್ ಹಾಕಿ ಬರೆದರೆ ಐದು. ನಡುವೆ ಮೂರು ಬದಲಾವಣೆ. ಅಂಕ 57. ಇನ್ನು ರಮೇಶ ಮತ್ತು ಮಹೇಶ. ಎರಡೂ ಆರಕ್ಷರ, ವ್ಯತ್ಯಾಸ ಎರಡೇ ಅಕ್ಷರದ್ದು. ಅಂಕ 67. ಅಂದರೆ ಯಂತ್ರದ ದೃಷ್ಟಿಯಲ್ಲಿ ಲಕ್ಷ್ಮಿಗೆ ಲಕ್ಷ್ಮಿ ಎಷ್ಟು ಹತ್ತಿರವೋ ಅದಕ್ಕಿಂತ ರಮೇಶನಿಗೆ ಮಹೇಶ ಹತ್ತಿರ.

ಪಾಸು ಅಂಕವನ್ನು ಏರಿಸಿದರೆ ಲಕ್ಷ್ಮಿ ಇನ್ನಷ್ಟು ದೂರ ಹೋಗುತ್ತಾಳೆ, ಇಳಿಸಿದರೆ ಮಹೇಶನ ಪ್ಯಾನಿನಲ್ಲಿ ರಮೇಶ ಒಳಗೆ ಬರುತ್ತಾನೆ. ದೂರು ಬಂದಾಗಲೆಲ್ಲ 80 ಇದ್ದದ್ದನ್ನು 75 ಮಾಡುವುದು, ಆಡಿಟ್ ಟಿಪ್ಪಣಿ ಬಂದಾಗ 85ಕ್ಕೆ ಏರಿಸುವುದು, ಈ ಏರಿಳಿತದಿಂದ ಏನೂ ಸರಿಹೋಗದು. ಕೆಟ್ಟಿರುವುದು ಅಂಕವಲ್ಲ, ಅಳೆಯುವ ಕೋಲು. ಲತಾ ಎಂಬ ಐದಕ್ಷರದ ಹೆಸರಿನಿಂದ ಎಚ್ ಒಂದನ್ನು ತೆಗೆದರೆ ಅಂಕ ನೇರ 80ಕ್ಕೆ ಬೀಳುತ್ತದೆ. ಬೆಳಗಾವಿ ಕಡೆಯ ಲತಾ ಎಚ್ ಇಲ್ಲದೆ ಬರೆಯುತ್ತಾಳೆ, ಮಂಡ್ಯದ ಲತಾ ಎಚ್ ಹಾಕುತ್ತಾಳೆ. ಒಬ್ಬಳೇ ಲತಾ ಮಂಡ್ಯದಲ್ಲಿ ಹುಟ್ಟಿ ಬೆಳಗಾವಿಗೆ ಮದುವೆಯಾಗಿ ಹೋದರೆ ಎರಡೂ ಕಾಗುಣಿತದ ಕಾಗದ ಅವಳ ಕೈಯಲ್ಲಿರುತ್ತದೆ.

ಕಾಗುಣಿತ ಸಮಸ್ಯೆಯ ಅರ್ಧ ಮಾತ್ರ. ಉಳಿದರ್ಧ ಇನಿಷಿಯಲ್ಲಿನದು. ಸರ್ ಎಂ. ವಿಶ್ವೇಶ್ವರಯ್ಯನವರ ‘ಎಂ’ ಮೋಕ್ಷಗುಂಡಂ ಎಂಬ ಊರು. ಎಸ್.ಎಂ. ಕೃಷ್ಣ ಅವರ ‘ಎಸ್’ ಸೋಮನಹಳ್ಳಿ, ‘ಎಂ’ ತಂದೆ ಮಲ್ಲಯ್ಯ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ‘ಕೆ’ ಕೊಡಂದೇರ ಎಂಬ ಮನೆತನ, ‘ಎಂ’ ತಂದೆ ಮಾದಪ್ಪ. ಮೂವರಲ್ಲೂ ಕರೆಯುವ ಹೆಸರು ಕೊನೆಗೆ ಬರುತ್ತದೆ, ಸರ್‌ನೇಮ್ ಎಂಬುದೇ ಇಲ್ಲ ಅಥವಾ ಮೊದಲಿಗೇ ಇದೆ. ಹುಬ್ಬಳ್ಳಿಯಿಂದ ಆಚೆ ಹೋದರೆ ಕ್ರಮ ತಿರುಗುತ್ತದೆ: ತನ್ನ ಹೆಸರು, ಅಪ್ಪನ ಹೆಸರು, ಮನೆತನದ ಅಡ್ಡಹೆಸರು. ಮಂಗಳೂರಿಗೆ ಇಳಿದರೆ ಡಿ'ಸೋಜ ಎಂಬಲ್ಲಿನ ಆ ಪುಟ್ಟ ಚಿಹ್ನೆಯೊಂದೇ ಸಾಕು. ಒಂದು ಕಡೆ ಜಾಗ ಬಿಟ್ಟು, ಇನ್ನೊಂದು ಕಡೆ ಕೂಡಿಸಿ, ಮತ್ತೊಂದು ಕಡೆ ಚಿಹ್ನೆಯೊಂದಿಗೆ, ಮೂರು ದಾಖಲೆಯಲ್ಲಿ ಮೂರು ಹೆಸರು. ಮೊದಲ ಹೆಸರು, ನಡು ಹೆಸರು, ಕೊನೆಯ ಹೆಸರು ಎಂಬ ಮೂರು ಪೆಟ್ಟಿಗೆಗಳ ಫಾರಂ ನಮ್ಮ ರಾಜ್ಯದಲ್ಲಿ ಯಾವ ಸೀಮೆಗೂ ಪೂರ್ತಿ ಒಗ್ಗುವುದಿಲ್ಲ.

ಈ ಗೊಂದಲಕ್ಕೆ ಸರ್ಕಾರಿ ದಾಖಲೆಗಳೇ ತುಪ್ಪ ಸುರಿದಿವೆ. ಆಧಾರ್ ಇನಿಷಿಯಲ್ಲನ್ನು ಒಪ್ಪುತ್ತದೆ. ಪ್ಯಾನ್ ಒಪ್ಪುವುದಿಲ್ಲ, ವರ್ಷಗಟ್ಟಲೆ ಬಳಕೆಯಲ್ಲಿದ್ದ 49ಎ ಅರ್ಜಿಯ ಸೂಚನೆಯಲ್ಲೇ ಮೊದಲ ಮತ್ತು ಕೊನೆಯ ಹೆಸರಿಗೆ ಇನಿಷಿಯಲ್ ಹಾಕಬಾರದು ಎಂದಿತ್ತು. ಹಾಗಾಗಿ ಆಧಾರಿನಲ್ಲಿ ‘ಮಂಜುನಾಥ ಎಸ್ ಕೆ’ ಆಗಿದ್ದವನು ಪ್ಯಾನಿನಲ್ಲಿ ‘ಕೆರೂರು ಸಿದ್ದಪ್ಪ ಮಂಜುನಾಥ’ ಆಗುತ್ತಾನೆ. ಬರೀ ‘ಗೌರಮ್ಮ’ ಎಂದು ಒಂದೇ ಹೆಸರಿರುವವರ ಕಥೆ ಇನ್ನೂ ಚೆಂದ. ಪ್ಯಾನ್ ಅರ್ಜಿಯ ಸೂಚನೆಯಂತೆ ಒಂಟಿ ಹೆಸರು ಹೋಗುವುದು ಕೊನೆಯ ಹೆಸರಿನ ಪೆಟ್ಟಿಗೆಗೆ, ಮೊದಲ ಹೆಸರು ಖಾಲಿ. ತಮ್ಮ ಆ್ಯಪಿನಲ್ಲಿ ಮೊದಲ ಹೆಸರು ಕಡ್ಡಾಯ. ಆಕೆ ಗೌರಮ್ಮ ಎಂದು ಮೊದಲ ಪೆಟ್ಟಿಗೆಯಲ್ಲಿ ಬರೆದರೆ ಪ್ಯಾನಿಗೆ ತಾಳೆಯಾಗುವುದಿಲ್ಲ, ಖಾಲಿ ಬಿಟ್ಟರೆ ಮುಂದಿನ ಪರದೆ ತೆರೆಯುವುದಿಲ್ಲ. ಕೊನೆಗೆ ಯಾರೋ ಏಜೆಂಟ್ ಎರಡೂ ಪೆಟ್ಟಿಗೆಯಲ್ಲಿ ಗೌರಮ್ಮ ಎಂದು ಒತ್ತಿ ‘ಗೌರಮ್ಮ ಗೌರಮ್ಮ’ ಎಂಬ ಮೂರನೆಯ ಹೆಸರನ್ನು ಹುಟ್ಟಿಸುತ್ತಾನೆ. ಅದೇ ಹೆಸರು ಹಣಕಾಸು ಸಂಸ್ಥೆಗಳೆಲ್ಲ ಹಂಚಿಕೊಳ್ಳುವ ಕೇಂದ್ರ ಕೆವೈಸಿ ದಾಖಲೆಗೆ ಏರಿದ ಮೇಲೆ ಮುಂದಿನ ಸಂಸ್ಥೆಯಲ್ಲೂ ಅದೇ ಗೋಳು.

ಇಷ್ಟಾದ ಮೇಲೆ ಗ್ರಾಹಕರಿಗೆ ಹೇಳುವ ಮಾತು: ‘ಹೋಗಿ ಆಧಾರ್ ತಿದ್ದಿಸಿಕೊಂಡು ಬನ್ನಿ’. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಅದರಲ್ಲೊಂದನ್ನು ತಮ್ಮ ಸಾಫ್ಟ್‌ವೇರಿನ ಸಮಾಧಾನಕ್ಕೆ ಖರ್ಚು ಮಾಡಿಸುವ ಹಕ್ಕು ಯಾರು ಕೊಟ್ಟರು? ಹಾಗೆ ತಿದ್ದಿಸಿದವರ ಹೆಸರು ಆಮೇಲೆ ಪಡಿತರ ಚೀಟಿಗೆ, ಪಹಣಿಗೆ, ಮಕ್ಕಳ ಅಂಕಪಟ್ಟಿಗೆ ತಾಳೆಯಾಗುವುದಿಲ್ಲ. ಮದುವೆಯ ನಂತರ ಹೆಸರು ಬದಲಾದ ಹೆಂಗಸರಿಗಂತೂ ನಿಯಮದಲ್ಲೇ ದಾರಿಯಿದೆ. ಹಳೆಯ ಹೆಸರಿನ ದಾಖಲೆಯ ಜೊತೆ ರಾಜ್ಯ ಸರ್ಕಾರ ಕೊಟ್ಟ ವಿವಾಹ ನೋಂದಣಿ ಪ್ರಮಾಣಪತ್ರವನ್ನೋ ಗೆಜೆಟ್ ಅಧಿಸೂಚನೆಯನ್ನೋ ಕೊಟ್ಟರೆ ಆ ದಾಖಲೆ ಸಿಂಧು. ಈ ಸಾಲು ಕೌಂಟರಿನವರೆಗೆ ತಲುಪಿಯೇ ಇಲ್ಲ.

ಇದನ್ನು ಸರಿಮಾಡಲು ದೊಡ್ಡ ಯಂತ್ರ ಬೇಕಿಲ್ಲ. ಅಂಕ ಹಾಕುವ ಮುನ್ನ ಎರಡೂ ಹೆಸರನ್ನು ಒಂದೇ ಅಚ್ಚಿಗೆ ತರಬೇಕು. ಕೆ-ಎಸ್-ಎಚ್ ಮತ್ತು ಎಕ್ಸ್ ಒಂದೇ ಎಂದು ತಿಳಿಯಿರಿ. ಟಿ-ಎಚ್ ಮತ್ತು ಟಿ, ವಿ ಮತ್ತು ಡಬ್ಲ್ಯು, ಗೌಡದಲ್ಲಿ ಬರುವ ಮೂರು ಬಗೆಯ ‘ಔ’ ಇವನ್ನೂ ಹಾಗೆಯೇ. ಒತ್ತಕ್ಷರದ ಜೋಡಿಯನ್ನು ಒಂಟಿ ಮಾಡಿ. ಹೆಸರಿನ ಕೊನೆಯ ‘ಎ’, ಚುಕ್ಕಿ, ಡಿ'ಸೋಜದಂಥ ಹೆಸರಿನೊಳಗಿನ ಜಾಗ ಮತ್ತು ಚಿಹ್ನೆ ಇವನ್ನು ಕೈಬಿಡಿ. ಎಲ್ಲಪ್ಪ–ಯಲ್ಲಪ್ಪ, ಈರಪ್ಪ–ವೀರಪ್ಪ, ಜ್ಞಾನೇಶನನ್ನು ಜಿ, ಜೆ, ಡಿ ಮೂರರಿಂದಲೂ ಬರೆಯುವುದು, ಇಂಥವಕ್ಕೆ ಒಂದು ಪುಟ್ಟ ಪಟ್ಟಿ ಬೇಕು. ಉಚ್ಚಾರಣೆ ನೋಡಿ ಹೆಸರು ಹೋಲಿಸುವ, ಆದರೆ ಮೊದಲ ಅಕ್ಷರವನ್ನು ಹಾಗೇ ಉಳಿಸಿಕೊಳ್ಳುವ ಸೌಂಡೆಕ್ಸ್‌ನಂಥ ಹಳೆಯ ವಿಧಾನಗಳು ಇಲ್ಲಿ ಮಕಾಡೆ ಬೀಳುತ್ತವೆ, ಅವು ಅಮೆರಿಕದ ಅಡ್ಡಹೆಸರುಗಳಿಗೆಂದು ಹುಟ್ಟಿದವು. ನಂತರ ಹೆಸರನ್ನು ಪದಗಳಾಗಿ ಒಡೆದು, ಕ್ರಮ ನೋಡದೆ ಹೋಲಿಸಿ. ಒಂದು ಕಡೆ ಒಂಟಿ ಅಕ್ಷರವಿದ್ದರೆ ಇನ್ನೊಂದು ಕಡೆ ಅದೇ ಅಕ್ಷರದಿಂದ ಶುರುವಾಗುವ ಪದವಿದೆಯೇ ನೋಡಿ. ‘ಎಸ್’ಗೆ ಸಿದ್ದಪ್ಪ ಸಿಕ್ಕಿದ, ‘ಕೆ’ಗೆ ಕೆರೂರು ಸಿಕ್ಕಿತು, ಮಂಜುನಾಥ ಮಂಜುನಾಥನೇ. ಕೆಲಸ ಮುಗಿಯಿತು. ಲಕ್ಷ್ಮಿಗೆ ಈಗ ನೂರಕ್ಕೆ ನೂರು, ರಮೇಶ–ಮಹೇಶರು ಮೊದಲಿನಂತೆ ಬೇರೆ ಬೇರೆ.

ಒಂದು ಎಚ್ಚರಿಕೆ. ಕೊನೆಯ ‘ಎ’ ಬಿಟ್ಟರೆ ವಿಜಯ್ ಮತ್ತು ವಿಜಯಾ ಒಂದೇ ಆಗಿಬಿಡುತ್ತಾರೆ. ಅದಕ್ಕೇ ಹೆಸರಿನ ಜೊತೆ ಹುಟ್ಟಿದ ದಿನಾಂಕ, ಲಿಂಗ, ಫೋಟೋ ಮೂರನ್ನೂ ನೋಡಲೇಬೇಕು. ಹುಟ್ಟಿದ ದಿನಾಂಕವನ್ನು ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. ಹಳ್ಳಿಯ ಹಿರಿಯರಲ್ಲಿ ಜನವರಿ 1 ಎಂದಿರುವ ಆಧಾರ್ ಬೇಕಾದಷ್ಟಿವೆ, ಅಲ್ಲಿ ದಿನಾಂಕ ತಾಳೆಯಾದದ್ದು ದೊಡ್ಡ ಸಾಕ್ಷಿಯಲ್ಲ. ಯಂತ್ರಕ್ಕೆ ಗೊಂದಲವಾದದ್ದು ನೇರ ತಿರಸ್ಕಾರಕ್ಕೆ ಹೋಗದೆ ಮನುಷ್ಯರ ಮುಂದೆ ಬರಬೇಕು, ಆ ಮನುಷ್ಯರಿಗೆ ಕನ್ನಡ ಓದಲು ಬರಬೇಕು. ಏಕೆಂದರೆ ಕರ್ನಾಟಕದವರ ಆಧಾರ್ ಕಾರ್ಡಿನ ಮೇಲೆ ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ಹೆಸರು ಅಚ್ಚಾಗಿರುತ್ತದೆ. ಲತಾಳಿಗೆ ಎಚ್ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಕನ್ನಡದಲ್ಲಿ ಏಳುವುದೇ ಇಲ್ಲ.

ಹೀಗೆ ಸಡಿಲಬಿಟ್ಟರೆ ವಂಚಕರು ನುಗ್ಗುತ್ತಾರೆ ಎಂಬ ವಾದ ತಮ್ಮ ಕಡೆಯಿಂದ ಬರುತ್ತದೆಂದು ಗೊತ್ತು. ಸೈಬರ್ ವಂಚನೆಯ ಹಣ ಓಡಾಡುವ ಬಾಡಿಗೆ ಖಾತೆಗಳನ್ನು ಒಮ್ಮೆ ತೆಗೆದು ನೋಡಿ. ಅವುಗಳ ಕಾಗದ ಪಕ್ಕಾ ಇರುತ್ತದೆ. ನಿಜವಾದ ಮನುಷ್ಯ, ನಿಜವಾದ ಆಧಾರ್, ಅಕ್ಷರ ಅಕ್ಷರಕ್ಕೆ ತಾಳೆಯಾಗುವ ಪ್ಯಾನ್. ಒಂದಿಷ್ಟು ದುಡ್ಡಿಗೆ ಎಟಿಎಂ ಕಾರ್ಡು, ಸಿಮ್ಮು, ಪಾಸ್‌ಬುಕ್ ಕೈಬದಲಾಗಿರುತ್ತವೆ ಅಷ್ಟೇ. ಅವರನ್ನು ಹಿಡಿಯುವ ಜಾಗ ಖಾತೆ ತೆರೆದ ನಂತರದ ವಹಿವಾಟಿನಲ್ಲಿದೆ. ಬೆಂಗಳೂರಿನಲ್ಲೇ ಇರುವ ರಿಸರ್ವ್ ಬ್ಯಾಂಕ್ ಇನ್ನೋವೇಷನ್ ಹಬ್, ಬಾಡಿಗೆ ಖಾತೆಗಳನ್ನು ಪತ್ತೆಹಚ್ಚುವ ಮ್ಯೂಲ್‌ಹಂಟರ್ ಎಂಬ ತಂತ್ರಾಂಶ ರೂಪಿಸಿದ್ದು ಅದಕ್ಕೇ. ಹೆಸರಿನ ಎಚ್ ಹಿಡಿದು ಜಗ್ಗುವ ಶ್ರಮವನ್ನು ಅಲ್ಲಿ ಹಾಕಿದರೆ ಫಲವುಂಟು.

ಇನ್ನು ವಿಡಿಯೊ ಕೆವೈಸಿ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ಅನುಮತಿ ಕೊಟ್ಟಾಗ ಮಲೆನಾಡಿನ ಒಂಟಿಮನೆಯವರಿಗೂ ಖಾತೆ ಸುಲಭವಾಯಿತು ಅನ್ನಿಸಿತ್ತು. ನಡೆಯುತ್ತಿರುವುದೇ ಬೇರೆ. ಗ್ರಾಹಕರು ಇಪ್ಪತ್ತು ನಿಮಿಷ ಸರದಿ ಕಾಯುತ್ತಾರೆ, ಹಿಂದಿಯಲ್ಲಿ ಮಾತು ಶುರುವಾಗುತ್ತದೆ, ಪ್ಯಾನ್ ತೋರಿಸಿ ಎನ್ನುತ್ತಾರೆ, ಗ್ರಾಹಕರು ಇ-ಪ್ಯಾನಿನ ಜೆರಾಕ್ಸ್ ಹಿಡಿಯುತ್ತಾರೆ. ಕರೆ ಅಲ್ಲಿಗೆ ಮುಗಿಯಿತು. ಮುದ್ರಿಸಿದ ಇ-ಪ್ಯಾನ್ ವಿಡಿಯೊ ಕೆವೈಸಿಗೆ ಸಲ್ಲದು ಎಂಬುದು ನಿಯಮ, ಅದರಲ್ಲಿ ತಕರಾರಿಲ್ಲ. ಆದರೆ ಅದನ್ನು ಸರದಿಗೆ ಸೇರಿಸುವ ಮೊದಲೇ ಹೇಳಬಾರದೇ? ‘ಪ್ಲಾಸ್ಟಿಕ್ ಪ್ಯಾನ್ ಕಾರ್ಡ್ ಕೈಯಲ್ಲಿದೆಯೇ, ಇಲ್ಲದಿದ್ದರೆ ಡಿಜಿಲಾಕರಿನಿಂದ ಕೊಡುತ್ತೀರಾ’ ಎಂಬ ಒಂದು ಪ್ರಶ್ನೆ ಸಾಕು. ಆಧಾರ್ ತಾಣದಿಂದ ಇಳಿಸಿಕೊಳ್ಳುವ ಆಫ್‌ಲೈನ್ ಕಡತ ಬಳಸುವುದಾದರೆ ಅದು ಮೂರು ಕೆಲಸದ ದಿನಕ್ಕಿಂತ ಹಳೆಯದಾಗಿರಬಾರದು. ಸೋಮವಾರ ಇಳಿಸಿಕೊಂಡವರಿಗೆ ಮುಂದಿನ ವಾರದ ಸಮಯ ಕೊಟ್ಟರೆ ಮತ್ತೆ ಮೊದಲಿಂದ ಶುರು. ಕಾರ್ಡಿನ ಮೇಲೆ ಬೆಳಕು ಹೊಳೆದು ಅಕ್ಷರ ಕಾಣದಿದ್ದರೆ ‘ಸ್ವಲ್ಪ ಓರೆ ಹಿಡಿಯಿರಿ, ಕಿಟಕಿಗೆ ಬೆನ್ನು ಮಾಡಬೇಡಿ’ ಎಂದು ಹೇಳಿಕೊಡಲು ಭಾಷೆ ಬೇಕು. ಸುಮ್ಮನೆ ‘ನಾಟ್ ಕ್ಲಿಯರ್’ ಎಂದು ಕತ್ತರಿಸಲು ಬೇಡ.

ನೆಟ್‌ವರ್ಕಿನ ವಿಷಯದಲ್ಲಂತೂ ನಿಯಮಕ್ಕಿಂತ ತಾವೇ ಬಿಗಿ. ಚಿತ್ರ ಒಂದು ಕ್ಷಣ ನಿಂತರೂ ಅನೇಕ ಸಂಸ್ಥೆಗಳು ಕರೆಯನ್ನೇ ರದ್ದು ಮಾಡುತ್ತವೆ. ನಿಯಮ ಹೇಳುವುದು ಇಷ್ಟು: ತಡೆಯಿಂದಾಗಿ ಒಂದಕ್ಕಿಂತ ಹೆಚ್ಚು ವಿಡಿಯೊ ಕಡತ ಆಗಬಾರದು, ಹಾಗೆ ಆಗದಿದ್ದರೆ ಹೊಸ ಕರೆ ಬೇಕಿಲ್ಲ, ಕರೆ ಪೂರ್ತಿ ಕಡಿದುಹೋದರೆ ಮಾತ್ರ ಹೊಸದಾಗಿ ಶುರು ಮಾಡಬೇಕು. ತೀರ್ಥಹಳ್ಳಿ, ಮಡಿಕೇರಿ ಕಡೆ ಮಳೆಗಾಲದಲ್ಲಿ ಈ ವ್ಯತ್ಯಾಸವೇ ಖಾತೆ ಆಗುವುದಕ್ಕೂ ಆಗದೇ ಇರುವುದಕ್ಕೂ ಇರುವ ವ್ಯತ್ಯಾಸ.

ಕ್ಯಾಮೆರಾ ಮುಂದಿರುವುದು ಜೀವಂತ ಮನುಷ್ಯರೇ ಎಂದು ತಿಳಿಯಲು ಕಣ್ಣು ಮಿಟುಕಿಸಿ, ತಲೆ ತಿರುಗಿಸಿ ಎನ್ನುವ ಪರೀಕ್ಷೆಯ ಬಗ್ಗೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದೇ ತೀರ್ಪು ಕೊಟ್ಟಿದೆ. ಆಸಿಡ್ ದಾಳಿಯಲ್ಲಿ ಮುಖ, ಕಣ್ಣು ಸುಟ್ಟವರು, ದೃಷ್ಟಿದೋಷವುಳ್ಳವರು ತಂದ ಅರ್ಜಿಗಳವು. ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು ನ್ಯಾಯಾಲಯ. ಅದೇ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ನಿಯಮ ತಿದ್ದಿ, ಇಂಥ ಪರೀಕ್ಷೆಯ ಕಾರಣಕ್ಕೆ ವಿಶೇಷ ಅಗತ್ಯವುಳ್ಳವರು ಹೊರಗುಳಿಯಬಾರದು, ವಿವೇಚನೆಯಿಲ್ಲದೆ ಅರ್ಜಿ ತಿರಸ್ಕರಿಸಬಾರದು, ತಿರಸ್ಕರಿಸಿದರೆ ಅಧಿಕಾರಿ ಕಾರಣ ಬರೆದಿಡಬೇಕು ಎಂದಿತು. ತಮ್ಮ ಆ್ಯಪಿನ ಪರದೆಯಲ್ಲಿ ಕಣ್ಣು ಮಿಟುಕಿಸುವ ಗೊಂಬೆಗೆ ಬೇರೆ ದಾರಿ ಇದೆಯೇ ಎಂದು ಇವತ್ತೇ ತೆರೆದು ನೋಡಿಕೊಳ್ಳಿ.

ಹಳೆಯ ಗ್ರಾಹಕರ ಪಾಡೂ ಬೇರೆಯಲ್ಲ. ಅಕ್ರಮ ಹಣದ ದೃಷ್ಟಿಯಿಂದ ಹೆಚ್ಚಿನ ಅಪಾಯದವರೆಂದು ಬ್ಯಾಂಕ್ ವಿಂಗಡಿಸಿದವರಿಗೆ 2 ವರ್ಷಕ್ಕೊಮ್ಮೆ, ಮಧ್ಯಮದವರಿಗೆ 8, ಕಡಿಮೆ ಅಪಾಯದವರಿಗೆ 10 ವರ್ಷಕ್ಕೊಮ್ಮೆ ಕೆವೈಸಿ ನವೀಕರಣ. ವಿವರಗಳಲ್ಲಿ ಬದಲಾವಣೆ ಇಲ್ಲದಿದ್ದರೆ ‘ಬದಲಾವಣೆ ಇಲ್ಲ’ ಎಂಬ ಸ್ವಯಂ ಘೋಷಣೆ ಸಾಕು. ನೋಂದಾಯಿತ ಮೊಬೈಲ್, ಇಮೇಲ್, ಎಟಿಎಂ, ಆ್ಯಪ್ ಅಥವಾ ಒಂದು ಕಾಗದದ ಮೂಲಕ ಕೊಟ್ಟರಾಯಿತು. ದಾಖಲೆಯ ಅವಧಿ ಮುಗಿದಿದ್ದರೆ ಅಥವಾ ಹಳೆಯ ಕಡತ ಈಗಿನ ಮಟ್ಟಕ್ಕೆ ಇಲ್ಲದಿದ್ದರೆ ಮಾತ್ರ ಹೊಸದಾಗಿ ಮಾಡಬೇಕು. ಶಾಖೆಗಳಲ್ಲಿ ಕೇಳುವುದೇನು? ಆಧಾರ್ ಜೆರಾಕ್ಸ್, ಪ್ಯಾನ್ ಜೆರಾಕ್ಸ್, ಎರಡು ಫೋಟೋ, ನಾಲ್ಕು ಪುಟದ ಇಂಗ್ಲಿಷ್ ಫಾರಂ. ಆ ಜೆರಾಕ್ಸಿನ ಮೇಲೆ ಆಧಾರಿನ ಮೊದಲ ಎಂಟು ಅಂಕಿ ಮರೆಮಾಡಿರುವುದೂ ಇಲ್ಲ.

ಖಾತೆ ತಡೆಹಿಡಿಯುವ ವಿಚಾರ ಇನ್ನೂ ಗಂಭೀರ. 2025ರ ಜೂನ್ 12ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ನೇರ ನಗದು ಸೌಲಭ್ಯದ ಖಾತೆಗಳಲ್ಲಿ, ಜನಧನ ಖಾತೆಗಳಲ್ಲಿ ನವೀಕರಣ ದೊಡ್ಡ ಪ್ರಮಾಣದಲ್ಲಿ ಬಾಕಿಯಿದೆ ಎಂದು ಗುರುತಿಸಿ, ಕಡಿಮೆ ಅಪಾಯದ ವ್ಯಕ್ತಿಗಳ ಎಲ್ಲ ವಹಿವಾಟಿಗೂ ಅವಕಾಶ ಕೊಡಿ, ಗಡುವಿನಿಂದ ಒಂದು ವರ್ಷದೊಳಗೆ ಅಥವಾ 2026ರ ಜೂನ್ 30ರೊಳಗೆ, ಯಾವುದು ನಂತರವೋ ಅಷ್ಟರಲ್ಲಿ ನವೀಕರಿಸಿ ಎಂದಿತು. ಗಡುವಿಗೆ ಮೊದಲು ಕನಿಷ್ಠ ಮೂರು ಸೂಚನೆ, ಗಡುವಿನ ನಂತರ ಕನಿಷ್ಠ ಮೂರು ನೆನಪೋಲೆ. ಎರಡರಲ್ಲೂ ಒಂದಾದರೂ ಅಂಚೆಯ ಕಾಗದವಾಗಿರಬೇಕು. ಬ್ಯಾಂಕಿನ ಪರವಾಗಿ ಊರಿನಲ್ಲೇ ಸೇವೆ ಕೊಡುವ ಬ್ಯಾಂಕ್ ಮಿತ್ರರ ಮೂಲಕವೂ ನವೀಕರಣ ಮಾಡಿಸಬಹುದು. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದಿದೆ, ಆದರೆ ತೆಗೆಯಲು ಆಗುತ್ತಿಲ್ಲ ಎನ್ನುವ ಹೆಂಗಸರಿಗೆ ಈ ಸುತ್ತೋಲೆ ಗೊತ್ತಿಲ್ಲ, ಅವರಿಗೆ ಗೊತ್ತಿರಬೇಕಾಗಿಯೂ ಇಲ್ಲ. ಶಾಖೆಗೆ ಗೊತ್ತಿರಬೇಕು. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಕೇಳಿಸಿಕೊಂಡು ಹೋಗುವುದು ರಿಸರ್ವ್ ಬ್ಯಾಂಕಿನ ಯಾವ ನಿಯಮಾವಳಿಯಲ್ಲೂ ಇಲ್ಲ.

ಸೂಚನೆ ಕಳಿಸುವ ರೀತಿಯನ್ನೂ ಬದಲಿಸಿ. ‘ನಿಮ್ಮ ಕೆವೈಸಿ ಮುಗಿದಿದೆ, ಖಾತೆ ಸ್ಥಗಿತವಾಗಲಿದೆ, ಈ ಲಿಂಕ್ ಒತ್ತಿ’ ಎಂಬುದು ವಂಚಕರ ಅಚ್ಚುಮೆಚ್ಚಿನ ಸಂದೇಶ. ತಮ್ಮದೂ ಪದಶಃ ಅದೇ ಆದರೆ ಜನ ಯಾವುದನ್ನು ನಂಬಬೇಕು? ಸಂದೇಶ ಕನ್ನಡದಲ್ಲಿರಲಿ, ಲಿಂಕ್ ಬೇಡ. ‘ಬದಲಾವಣೆ ಇಲ್ಲದಿದ್ದರೆ ಎಟಿಎಂನಲ್ಲಿ ಅಥವಾ ಬ್ಯಾಂಕ್ ಮಿತ್ರರ ಬಳಿ ತಿಳಿಸಿ, ಯಾವ ಕಾಗದವೂ ಬೇಕಿಲ್ಲ’ ಎಂದಿದ್ದರೆ ಸಾಕು.

ವಿಳಾಸದ ಬಗ್ಗೆ ಎರಡು ಮಾತು. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರ ಹತ್ತಿರ ಬಾಡಿಗೆ ಕರಾರು ಎಲ್ಲಿಂದ ಬರಬೇಕು? ಆಧಾರ್ ಇ-ಕೆವೈಸಿ ಮಾಡಿಸಿದವರು ಈಗಿನ ವಿಳಾಸ ಬೇರೆಯಿದ್ದರೆ ಸ್ವಯಂ ಘೋಷಣೆ ಕೊಡಬಹುದೆಂದು ನಿಯಮವೇ ಹೇಳುತ್ತದೆ. ಆಧಾರೊಂದೇ ದಾಖಲೆಯೂ ಅಲ್ಲ. ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಮತದಾರರ ಗುರುತಿನ ಚೀಟಿ, ಅಧಿಕಾರಿ ಸಹಿಯಿರುವ ನರೇಗಾ ಜಾಬ್ ಕಾರ್ಡ್ ಎಲ್ಲವೂ ಅಧಿಕೃತ ದಾಖಲೆಗಳ ಪಟ್ಟಿಯಲ್ಲಿವೆ. ಜಾಬ್ ಕಾರ್ಡ್ ಮುಂದಿಟ್ಟರೆ ಅದನ್ನು ತಿರುಗಿಸಿ ನೋಡಿ ವಾಪಸು ಕೊಡುವ ಕೌಂಟರುಗಳೇ ಹೆಚ್ಚು.

ತಿರಸ್ಕಾರದ ಕಾರಣವನ್ನು ಬಿಡಿಸಿ ಹೇಳಿ ಎಂಬುದು ನಮ್ಮ ಇನ್ನೊಂದು ಬೇಡಿಕೆ. ಹಣದ ಮೂಲದ ಮೇಲೆ ಗುಮಾನಿಯಿದ್ದು ಕೇಂದ್ರದ ಹಣಕಾಸು ಗುಪ್ತಚರ ಘಟಕಕ್ಕೆ (ಎಫ್‌ಐಯು) ವರದಿ ಮಾಡುವ ಪ್ರಕರಣದಲ್ಲಿ ಗ್ರಾಹಕರಿಗೆ ಸುಳಿವು ಕೊಡುವಂತಿಲ್ಲ, ಅದು ಸರಿಯೇ. ಆದರೆ ಆ ನೆಪ ಮುಂದೆ ಮಾಡಿ ಎಲ್ಲರಿಗೂ ‘ಕೆವೈಸಿ ವಿಫಲ’ ಎಂಬ ಎರಡು ಪದ ಕಳಿಸುವುದು ತಪ್ಪು. ‘ಪ್ಯಾನಿನಲ್ಲಿ ತಂದೆಯ ಹೆಸರು ಸೇರಿದೆ, ಆಧಾರಿನಲ್ಲಿ ಇನಿಷಿಯಲ್ ಇದೆ’ ಎಂದು ಬರೆದರೆ ಗ್ರಾಹಕರಿಗೂ ತಿಳಿಯುತ್ತದೆ, ಬರೆಯುವ ಅಧಿಕಾರಿಗೂ ತಾನು ಎಂಥ ಕಾರಣಕ್ಕೆ ತಿರಸ್ಕರಿಸುತ್ತಿದ್ದೇನೆ ಎಂದು ಹೊಳೆಯುತ್ತದೆ.

ಇದೆಲ್ಲ ಉತ್ಪ್ರೇಕ್ಷೆ ಅನ್ನಿಸಿದರೆ ತಮ್ಮದೇ ದತ್ತಾಂಶದಲ್ಲಿ ಪರೀಕ್ಷಿಸಿ ನೋಡಬಹುದು. ಕಳೆದ ತಿಂಗಳು ‘ಹೆಸರು ತಾಳೆಯಾಗಿಲ್ಲ’ ಎಂದು ತಿರಸ್ಕೃತವಾದ ಅರ್ಜಿಗಳಲ್ಲಿ 56, 57, 58, 59ರಿಂದ ಶುರುವಾಗುವ ಪಿನ್‌ಕೋಡಿನವನ್ನು ಬೇರೆ ಮಾಡಿ. ಅದರಿಂದ ಐನೂರನ್ನು ಚೀಟಿ ಎತ್ತಿದ ಹಾಗೆ ಆರಿಸಿ. ಕನ್ನಡ ಬಲ್ಲ ಇಬ್ಬರನ್ನು ಬೇರೆ ಬೇರೆ ಕೂರಿಸಿ, ಒಬ್ಬರ ಉತ್ತರ ಇನ್ನೊಬ್ಬರಿಗೆ ತೋರಿಸದೆ, ಪ್ರತಿ ಅರ್ಜಿಗೂ ಒಂದೇ ಪ್ರಶ್ನೆ ಕೇಳಿ: ಈ ಎರಡು ದಾಖಲೆಗಳಲ್ಲಿರುವುದು ಒಬ್ಬರೇ ಮನುಷ್ಯರೋ, ಇಬ್ಬರೋ? ಇಬ್ಬರೂ ‘ಒಬ್ಬರೇ’ ಎಂದ ಅರ್ಜಿಗಳನ್ನು ಎಣಿಸಿ ಆ ಸಂಖ್ಯೆಯನ್ನು ಪ್ರಕಟಿಸಿ. ಆ ಅರ್ಜಿದಾರರಿಗೆ ತಾವೇ ಫೋನ್ ಮಾಡಿ ಖಾತೆ ತೆರೆದುಕೊಡಿ. ಅವರು ಮತ್ತೊಮ್ಮೆ ಅರ್ಜಿ ಹಾಕುವಂತಾಗಬಾರದು.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಕೆವೈಸಿ ಕೆಲಸದ ಒಳಹೊರಗು ಬಲ್ಲ ಕನ್ನಡಿಗ